ಹತ್ತನೆಯವನಿಗೆ ಫೋನ್ ಮಾಡುತ್ತಿದ್ದವರು

ಹೋದ ವಾರ ಆಮ್‌ಸ್ಟರ್‌ಡ್ಯಾಮಿನ ಜೈಡಾಸ್ ಬಡಾವಣೆಯ ನಮ್ಮ ಆಫೀಸಿನಲ್ಲಿ ಒಬ್ಬರ ಹುಟ್ಟುಹಬ್ಬವಿತ್ತು. ಇಲ್ಲಿನ ಪದ್ಧತಿಯಲ್ಲಿ ಯಾರ ಹುಟ್ಟುಹಬ್ಬವೋ ಅವರೇ ಕೇಕ್ ತಂದು ಎಲ್ಲರಿಗೂ ಹಂಚಬೇಕು. ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಬೆಣ್ಣೆಯ ಜೊತೆ ಸಕ್ಕರೆ ಪಾಕದಲ್ಲಿ ನೆನೆಸಿದ ಶುಂಠಿಯ ವಾಸನೆ ಬಂತು. ಒಂದು ತುಂಡು ತಿಂದೆ. ಚೆನ್ನಾಗಿಯೇ ಇತ್ತು. ಪಕ್ಕದ ಮನೆಯ ಅಜ್ಜಿ ಇದ್ದಿದ್ದರೆ ಮಾತ್ರ, ಶುಂಠಿ ಹಾಕೋದರಲ್ಲಿ ಇಷ್ಟೊಂದು ಜಿಪುಣತನ ಯಾಕೆ ಎಂದು ಕೇಳಿಯೇ ಕೇಳುತ್ತಿದ್ದರು.

ಅಜ್ಜಿ ಎನ್ನುವುದು ನಮ್ಮ ಮನೆಯೊಳಗಿನ ಹೆಸರು. ಎದುರಿಗೆ ಎಲ್ಲರಂತೆ 'ಮೆವ್ರೌ' ಎನ್ನುತ್ತಿದ್ದೆ. ಇಲ್ಲಿ ಅದು ನಮ್ಮ 'ಅಮ್ಮಾವ್ರೇ' ಇದ್ದ ಹಾಗೆ. ಆಮರ್ಸ್‌ಫೋರ್ಟ್‌ನ ಸಾಲುಮನೆಯೊಂದಕ್ಕೆ ನಾನು ಮತ್ತು ನನ್ನ ಗಂಡ ಬಂದ ಮೊದಲ ವಾರವೇ ಅವರು ಇಂಥದೇ ಕೇಕ್ ಹಿಡಿದು ಬಾಗಿಲು ತಟ್ಟಿದರು. ನನ್ನ ತಲೆಯ ಮೇಲಿನ ದುಪಟ್ಟಾ ನೋಡಿ, ತಮ್ಮ ಡಚ್ ಬೆರೆತ ಇಂಗ್ಲಿಷಿನಲ್ಲಿ, "ಹೆದರಬೇಡ, ಹಂದಿ ಕೊಬ್ಬು ಹಾಕಿಲ್ಲ. ನಾವೂ ತಿನ್ನಲ್ಲ" ಎಂದರು. ಹಾಗೆ ಅವರು ಯಹೂದಿ ಎಂದು ನಮಗೆ ತಿಳಿಯಿತು. ಗಂಡ ತೀರಿಕೊಂಡಿದ್ದರು. ಒಬ್ಬಳೇ ಮಗಳು ಆಮ್‌ಸ್ಟರ್‌ಡ್ಯಾಮಿನಲ್ಲಿದ್ದಳು.

ನಮ್ಮಿಬ್ಬರ ಮನೆಗಳ ನಡುವಿನ ಗೋಡೆ ಬಹಳ ತೆಳುವಾಗಿತ್ತು. ಪ್ರತಿ ಗುರುವಾರ ಸಂಜೆ ಆ ಕಡೆಯಿಂದ ಫೋನ್ ಮಾತು ಶುರುವಾಗುತ್ತಿತ್ತು. ಒಬ್ಬರಾದ ಮೇಲೆ ಒಬ್ಬರು. ದನಿ ಕೆಲವರಿಗೆ ಬೆಣ್ಣೆ, ಕೆಲವರಿಗೆ ಬೆತ್ತ. ಊರಿನ ಹಳೆಯ ಭಾಗದಲ್ಲಿದ್ದ ಸಿನಗಾಗ್‌ಗೆ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರಕ್ಕೆ, ಶನಿವಾರ ಬೆಳಿಗ್ಗೆ ಗಂಡಸರನ್ನು ಕರೆಯುವ ಕೆಲಸ ಅದು. ಅವರ ಧರ್ಮದಲ್ಲಿ ಕೆಲವು ಪ್ರಾರ್ಥನೆಗಳನ್ನು ಹೇಳಬೇಕಾದರೆ ಹತ್ತು ಜನ ಸೇರಿರಲೇಬೇಕು. ಹಳೆಯ ಸಂಪ್ರದಾಯದಲ್ಲಿ ಆ ಹತ್ತೂ ಜನ ಗಂಡಸರೇ ಆಗಬೇಕು. ಎರಡನೆಯ ಮಹಾಯುದ್ಧ ಮುಗಿದಾಗ ಆ ಊರಿಗೆ ಮರಳಿ ಬಂದ ಯಹೂದಿಗಳೇ ಬೆರಳೆಣಿಕೆಯಷ್ಟು. ಅವರ ಮಕ್ಕಳು ಬೇರೆ ಬೇರೆ ಊರು ಸೇರಿದ್ದರು. ಉಳಿದವರಲ್ಲಿ ಒಬ್ಬರಿಗೆ ಮಂಡಿನೋವು, ಇನ್ನೊಬ್ಬರಿಗೆ ಮೊಮ್ಮಗನ ಫುಟ್‌ಬಾಲ್. ಅಜ್ಜಿ ಎಲ್ಲರ ನೆಪವನ್ನೂ ಪೂರ್ತಿ ಕೇಳಿಸಿಕೊಂಡು ಕೊನೆಗೆ, "ಕೇಕ್ ಇರುತ್ತೆ" ಎನ್ನುತ್ತಿದ್ದರು.

ಹೆಂಗಸರು ಮಾತ್ರ ಯಾರೂ ಕರೆಯದೆ ಬರುತ್ತಿದ್ದರು, ಮಹಡಿಯ ಮೇಲೆ ಕೂರುತ್ತಿದ್ದರು, ಲೆಕ್ಕಕ್ಕೆ ಸೇರುತ್ತಿರಲಿಲ್ಲ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ನಾನು ಅಜ್ಜಿಗೆ ಅನುವಾದಿಸಿ ಹೇಳಿದಾಗ ಅವರು ಮನಸಾರೆ ನಕ್ಕಿದ್ದರು.

ಮಗಳದ್ದು ಬೇರೆಯೇ ದಾರಿ. ಅವಳು ಹೋಗುತ್ತಿದ್ದ ಸಿನಗಾಗ್‌ನಲ್ಲಿ ಗಂಡು ಹೆಣ್ಣು ಒಟ್ಟಿಗೆ ಕೂರುತ್ತಿದ್ದರು, ಹೆಂಗಸರೂ ಹತ್ತರಲ್ಲಿ ಒಬ್ಬರಾಗುತ್ತಿದ್ದರು. ಅಲ್ಲಿಗೆ ಬಾ ಎಂದು ಅವಳು ತಾಯಿಯನ್ನು ಪ್ರತಿ ಸಲ ಕರೆಯುತ್ತಿದ್ದಳು, ಪ್ರತಿ ಸಲವೂ ಜಗಳವಾಗುತ್ತಿತ್ತು. "ಅಲ್ಲಿ ನನ್ನನ್ನ ಎಣಿಸ್ತಾರೆ ನಿಜ. ಆದರೆ ನನ್ನ ಗಂಡ ಕೂತ ಜಾಗ ಇರೋದು ಇಲ್ಲಿ" ಎಂದು ಅಜ್ಜಿ ಆಮೇಲೆ ನನ್ನ ಹತ್ತಿರ ಹೇಳುತ್ತಿದ್ದರು. ಇಬ್ಬರಲ್ಲಿ ಯಾರದು ಸರಿ ಎಂದು ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಗದಗಿನ ನಮ್ಮ ಓಣಿಯ ಮಸೀದಿಗೆ ಹೆಂಗಸರು ಕಾಲಿಟ್ಟದ್ದನ್ನೇ ನಾನು ಕಂಡವಳಲ್ಲ.

ಒಂದು ವರ್ಷ ಅವರ ಗಂಡ ತೀರಿಕೊಂಡ ದಿನ ಶನಿವಾರವೇ ಬಿತ್ತು. ಸತ್ತವರ ಹೆಸರಿನಲ್ಲಿ ಅಂದು 'ಕದ್ದಿಶ್' ಎಂಬ ಪ್ರಾರ್ಥನೆ ಹೇಳಬೇಕು. ಅದಕ್ಕೂ ಹತ್ತು ಜನ ಬೇಕು. ಮನೆಯಲ್ಲಿ ಗಂಡುಮಕ್ಕಳಿಲ್ಲದ್ದರಿಂದ ಗಂಡನ ಹಳೆಯ ಗೆಳೆಯರೊಬ್ಬರು ವರ್ಷವರ್ಷವೂ ಹೇಳುತ್ತಿದ್ದರು. ಮಗಳಿಗೆ ಜ್ವರ ಎಂದು ಆ ಸಲ ಅಜ್ಜಿ ನನ್ನನ್ನು ಜೊತೆಗೆ ಕರೆದರು.

"ನಮ್ಮ ಜುಮ್ಮಾಗೇ ಬರಲ್ಲ ನೀನು, ಅಲ್ಲಿಗೆ ಹೊರಟೆಯಾ?" ಎಂದು ನನ್ನ ಗಂಡ ರೇಗಿಸಿದ.

"ಅಲ್ಲಿ ಕೇಕ್ ಕೊಡ್ತಾರೆ" ಎಂದೆ.

ಮಹಡಿಯ ಮೇಲೆ ಮರದ ಕಟಕಟೆಯ ಪಕ್ಕ ಕೂತೆವು. ಅಜ್ಜಿ ಕೆಳಗೆ ನೋಡುತ್ತ ತುಟಿ ಅಲ್ಲಾಡಿಸುತ್ತಿದ್ದರು. ಮನುಷ್ಯರನ್ನು ಒಂದು ಎರಡು ಎಂದು ಎಣಿಸಬಾರದಂತೆ. ಹತ್ತು ಪದಗಳ ಒಂದು ಸಾಲು ಇದೆ. ಒಂದೊಂದು ತಲೆಗೆ ಒಂದೊಂದು ಪದ ಹೇಳಬೇಕು. ಮಕ್ಕಳನ್ನು ಎಣಿಸಿದರೆ ದೃಷ್ಟಿಯಾಗುತ್ತದೆ ಎಂದು ನಮ್ಮ ನಾನಿಯೂ ಹೇಳುತ್ತಿದ್ದಳು, ಹಾಗಾಗಿ ನನಗೆ ವಿಚಿತ್ರವೆನಿಸಲಿಲ್ಲ. ಅಜ್ಜಿ ಒಂಬತ್ತನೆಯ ಪದಕ್ಕೆ ನಿಂತರು. ಮತ್ತೆ ಮೊದಲಿನಿಂದ ಹೇಳಿದರು. ಮತ್ತೆ ಅಲ್ಲಿಗೇ ನಿಂತರು.

ಬರುತ್ತೇನೆಂದು ಗುರುವಾರ ಒಪ್ಪಿಕೊಂಡಿದ್ದ ಒಬ್ಬ ಬಂದಿರಲಿಲ್ಲ. ಅವರ ಧರ್ಮದಲ್ಲಿ ಶನಿವಾರ ಫೋನ್ ಮುಟ್ಟುವಂತಿಲ್ಲ. ನಾನು ಮಾಡಲೇ ಎಂದು ಸನ್ನೆಯಲ್ಲಿ ಕೇಳಿದೆ. ಬೇಡವೆಂದು ತಲೆ ಆಡಿಸಿದರು. ಕೆಳಗೆ ಆ ಗೆಳೆಯರು ಬಾಗಿಲ ಕಡೆ ನೋಡಿದರು, ಕಾದರು, ಮತ್ತೆ ನೋಡಿದರು... ಕೊನೆಗೆ ಮಹಡಿಯತ್ತ ಕತ್ತೆತ್ತಿ, ಏನು ಮಾಡಲಿ ಎಂಬಂತೆ ಕೈ ಚೆಲ್ಲಿದರು. ಕದ್ದಿಶ್ ಬಿಟ್ಟು ಪ್ರಾರ್ಥನೆ ಮುಂದುವರಿಯಿತು. ಅಜ್ಜಿ ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡು ಮುಗಿಯುವವರೆಗೂ ಕೂತರು. ಮಹಡಿಯ ಮೇಲೆ ನನ್ನನ್ನು ಬಿಟ್ಟು ಆರು ಜನ ಹೆಂಗಸರಿದ್ದರು. ನನಗೆ ಮೈಯೆಲ್ಲ ಉರಿಯಿತು.

ನಡೆದು ಹಿಂತಿರುಗುವಾಗ ಕೇಳಿಯೇಬಿಟ್ಟೆ: "ನಿಮಗೆ ಬಾಯಿಪಾಠ ಬರುತ್ತಲ್ಲ, ನೀವೇ ಹೇಳಿಬಿಡಬಹುದಿತ್ತು."

"ನಾನು ಶುರು ಮಾಡಿದರೆ ಮುಂದಿನ ವಾರದಿಂದ ಅರ್ಧ ಜನ ಬರಲ್ಲ. ಹೆಂಗಸರು ನೋಡ್ಕೋತಾರೆ ಬಿಡು ಅಂತಾರೆ" ಎಂದರು. "ಮನೆ, ಅಡುಗೆ, ಹಬ್ಬ, ಹೆಣ ತೊಳೆಯೋದು ಎಲ್ಲಾ ನಾವೇ ಮಾಡ್ತೀವಿ. ಇದೊಂದು ಕೆಲಸ ಅವರಿಗಿರಲಿ."

ನಾನು ನಕ್ಕೆ. ಅವರು ನಗಲಿಲ್ಲ. ಕಾಲುವೆಯ ಸೇತುವೆ ದಾಟಿದ ಮೇಲೆ, "ಆದರೂ ಇಷ್ಟು ವರ್ಷ ನನ್ನ ಗಂಡನ ಜೊತೆ ಬಾಳಿದವಳು ನಾನು. ನನ್ನ ಬಾಯಲ್ಲಿ ಒಂದು ಸಲ..." ಎಂದು ಅಷ್ಟಕ್ಕೇ ಬಿಟ್ಟರು. ಮುಂದಿನ ಗುರುವಾರ ಗೋಡೆಯಾಚೆ ಫೋನ್ ಎಂದಿನಂತೆ ಶುರುವಾಯಿತು. ಬಾರದೆ ಉಳಿದವನಿಗೆ ಆ ದಿನ ಬೆತ್ತದ ದನಿಯೇ ಸಿಕ್ಕಿತು.

ಅದರ ಮರುವರ್ಷ ಚಳಿಗಾಲದಲ್ಲಿ ಅಜ್ಜಿ ತೀರಿಕೊಂಡರು. ಮಣ್ಣಿಗೆ ಎಷ್ಟು ಗಂಡಸರು ಬಂದಿದ್ದರೆಂದರೆ ಸ್ಮಶಾನದ ಗೇಟಿನ ಹೊರಗೂ ನಿಂತಿದ್ದರು. ಮಂಡಿನೋವಿನವರೂ ಬಂದಿದ್ದರು. ಹತ್ತರ ಚಿಂತೆ ಯಾರಿಗೂ ಇರಲಿಲ್ಲ. ಕದ್ದಿಶ್ ಅನ್ನು ಆ ಗೆಳೆಯರೇ ಹೇಳಿದರು. ಮಗಳು ಪಕ್ಕದಲ್ಲಿ ಬಾಯಿ ಬಿಗಿದುಕೊಂಡು ನಿಂತಿದ್ದಳು, ತಾಯಿಯ ಪದ್ಧತಿಗೆ ಮರ್ಯಾದೆ ಕೊಟ್ಟು. ಬಂದವರೆಲ್ಲ ಅಜ್ಜಿಯ ಕೇಕನ್ನು ಹೊಗಳಿದರು. ಬದುಕಿದ್ದಾಗ ಬಾರದೆ ಈಗ ಬಂದವರ ಮೇಲೆ ನನಗೆ ಬಹಳ ಸಿಟ್ಟಿತ್ತು, ಈಗಲೂ ಇದೆ.

ಗುರುವಾರ ಫೋನ್ ಮಾಡುವವರು ಯಾರೂ ಇರಲಿಲ್ಲ. ಕೆಲವು ತಿಂಗಳು ಏಳು ಜನ, ಆರು ಜನ ಸೇರಿದರಂತೆ. ಈಗ ಅಲ್ಲಿ ಶನಿವಾರದ ಪ್ರಾರ್ಥನೆ ನಡೆಯುವುದಿಲ್ಲ, ದೊಡ್ಡ ಹಬ್ಬಗಳಿಗೆ ಮಾತ್ರ ಬಾಗಿಲು ತೆಗೆಯುತ್ತಾರೆ.

ಕಳೆದ ತಿಂಗಳು ತಾಯಿಯ ವರ್ಷದ ದಿನ ಎಂದು ಮಗಳು ಕರೆದಳು. ಆಫೀಸು ಮುಗಿಸಿ ಟ್ರಾಮ್ ಹಿಡಿದು ಅವಳ ಸಿನಗಾಗ್‌ಗೆ ಹೋದೆ. ಐದು ಜನ ಹೆಂಗಸರು, ಐದು ಜನ ಗಂಡಸರು, ಲೆಕ್ಕಕ್ಕೆ ಸೇರದವಳು ನಾನೊಬ್ಬಳೇ. ಮಗಳು ಎದ್ದು ನಿಂತು ಕದ್ದಿಶ್ ಹೇಳಿದಳು. ದನಿ ಒಂದು ಕಡೆಯೂ ತಡವರಿಸಲಿಲ್ಲ. ಎಲ್ಲರೂ 'ಆಮೆನ್' ಎಂದಾಗ ನನ್ನ ಬಾಯಿಂದಲೂ ತಾನಾಗಿ ನಮ್ಮ ನಮಾಜಿನ 'ಆಮೀನ್' ಬಂತು.

ಹೊರಗೆ ಸೈಕಲ್ ಬೀಗ ತೆಗೆಯುತ್ತ ಅವಳು, "ಅಮ್ಮ ಇದ್ದಿದ್ದರೆ ಸರಿಯಾಗಿ ಬೈತಿದ್ದಳು" ಎಂದಳು.

"ಹೂಂ, ಬೈತಿದ್ದರು" ಎಂದೆ.

"ಬೈಯೋಕಾದರೂ ಇರಬೇಕಿತ್ತು" ಎಂದವಳು ಬೀಗವನ್ನು ಕೈಯಲ್ಲಿ ಹಿಡಿದುಕೊಂಡೇ ಅಳತೊಡಗಿದಳು. ನಾನು ಅವಳ ಸೈಕಲ್ ಬೀಳದಂತೆ ಹಿಡಿದುಕೊಂಡು ನಿಂತೆ.