ರಬ್ಬರ್ ಮ್ಯಾಟಿನ ವಾಸನೆ

ಯೋಗ ಕಲಿಸುವವಳ ಕೈಯೇ ಮ್ಯಾಟಿನ ಮೇಲೆ ಜಾರಿದರೆ ಮರ್ಯಾದೆ ಉಳಿಯುವುದಿಲ್ಲ. ಹಳೆಯ ಪ್ಲಾಸ್ಟಿಕ್ ಮ್ಯಾಟ್ ಸಾಕಾಗಿ ಹೋಗಿತ್ತು. ನರಿಮೊಗರಿನ ತರಗತಿ ಮುಗಿಸಿ ಬರುವಾಗ ಪುತ್ತೂರಿನ ಅಂಗಡಿಯೊಂದಕ್ಕೆ ಹೊಕ್ಕೆ.

ಅಂಗಡಿಯವರು ದಪ್ಪದ ಸುರುಳಿಯೊಂದನ್ನು ಬಿಡಿಸಿದರು. "ಇದು ಅಸಲು ರಬ್ಬರಿನದ್ದು. ಮೊಣಗಂಟಿಗೆ ಮೆತ್ತಗೆ ಉಂಟು, ಕೈ ಬೆವರಿದರೂ ಜಾರುದಿಲ್ಲ. ವಾಸನೆ ಮಾತ್ರ ಸ್ವಲ್ಪ ಜೋರು. ಎರಡು ದಿನ ಗಾಳಿಗೆ ಹಾಕಿ, ಹೋಗ್ತದೆ."

ಬಗ್ಗಿ ಮೂಸಿದೆ. ಸುಳ್ಯದ ಕಡೆ ರಬ್ಬರ್ ಮರದ ಹಾಲು ಇಳಿಸುವ ಟ್ಯಾಪಿಂಗ್ ಕೆಲಸ ಮಾಡುತ್ತಿದ್ದ ನನ್ನ ಅಪ್ಪನ ಅಂಗಿಯದೇ ವಾಸನೆ. ಆ ಅಂಗಿಯನ್ನು ಅಮ್ಮ ಯಾವತ್ತೂ ಮನೆಯೊಳಗೆ ಬಿಟ್ಟವರಲ್ಲ. ಬಚ್ಚಲಿನ ಹೊರಗೋಡೆಯ ಮೊಳೆಯೇ ಅದರ ಜಾಗ. ಅಪ್ಪ ತೀರಿಕೊಂಡ ಮೇಲೆ ಅದನ್ನು ಚೆನ್ನಾಗಿ ಒಗೆದು, ಮಡಚಿ, ಯಾರಿಗೋ ಕೊಟ್ಟೆವು.

"ವಾಸನೆ ಹೋಗದ ಹಾಗೆ ಎಂತ ಮಾಡುದು?" ಎಂದು ಕೇಳಿದೆ.

ಅವರು ಮ್ಯಾಟನ್ನು ಮತ್ತೆ ಸುತ್ತತೊಡಗಿದರು. "ಹೋಗ್ಲಿಕ್ಕೆ ಎಂತ ಮಾಡುದು ಅಂತ ಎಲ್ಲರೂ ಕೇಳ್ತಾರೆ. ಇದು ನನಗೆ ಗೊತ್ತಿಲ್ಲ ಮಾರಾಯ್ರೆ."

ಮನೆಗೆ ತಂದವಳು ಅಮ್ಮ ಬೈದಾರೆಂದು ಮ್ಯಾಟನ್ನು ಜಗಲಿಯಲ್ಲೇ ಇಟ್ಟು ಸ್ನಾನಕ್ಕೆ ಹೋದೆ. ಮಿಂದು ಬರುವಾಗ ಅದು ಜಗಲಿಯಲ್ಲಿರಲಿಲ್ಲ, ಅಮ್ಮನ ಕೋಣೆಯ ನೆಲದ ಮೇಲಿತ್ತು. ಅಮ್ಮ ಅದರ ಮೇಲೆ ಮಗ್ಗುಲಾಗಿ, ಕೆನ್ನೆಯಾನಿಸಿ ಮಲಗಿದ್ದರು.

"ಸೊಂಟಕ್ಕೆ ಒಳ್ಳೆದುಂಟು" ಎಂದರು, ಕಣ್ಣು ತೆರೆಯದೆ. ಮ್ಯಾಟಿನ ಅಂಚನ್ನು ಸವರುತ್ತಾ, "ಗಾಳಿಗೆ ಹಾಕುದು ಬೇಡ" ಎಂದರು.

ನಾನು ಈಗಲೂ ಆ ಹಳೆಯ ಪ್ಲಾಸ್ಟಿಕ್ ಮ್ಯಾಟಿನ ಮೇಲೆಯೇ ಜಾರುತ್ತಾ ಯೋಗ ಕಲಿಸುತ್ತಿದ್ದೇನೆ.