ಬಾಡಗಂಡಿ ರಸ್ತೆಯಲ್ಲಿ ಹಿಡಿದ ಗಾಲಿ ಮತ್ತು ನಮ್ಮ ಹಿಪ್ಪರಗಿ ಸರ್

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಯಾವುದೇ ಗ್ಯಾರೇಜಿನ ಬಾಗಿಲಲ್ಲಿ ನಿಂತು ‘ನಿಮ್ಮ ಗುರುಗಳು ಯಾರು’ ಎಂದು ಕೇಳಿದರೆ, ಹತ್ತರಲ್ಲಿ ಹನ್ನೊಂದು ಮಂದಿ ಹೇಳುವ ಹೆಸರು ಒಂದೇ: ಶ್ರೀ ಸಿದ್ದಾರೂಢ ಬಸಗೊಂಡಪ್ಪ ಹಿಪ್ಪರಗಿ. ಜಮಖಂಡಿಯ ಐಟಿಐಯಲ್ಲಿ ಮೋಟಾರು ವಾಹನ ವಿಭಾಗದ ಬೋಧಕರಾಗಿ ಮೂವತ್ಮೂರು ವರ್ಷ ಸೇವೆ ಸಲ್ಲಿಸಿ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ಈ ಮಹನೀಯರ ಕೈಯಲ್ಲಿ ಕಲಿತವರು ಇಂದು ಕೃಷ್ಣೆಯ ಆಚೆಗೂ ಘಟಪ್ರಭೆಯ ಈಚೆಗೂ ಹರಡಿಕೊಂಡಿದ್ದಾರೆ. ಅವರ ಶಿಷ್ಯರಲ್ಲಿ ಅಗ್ರಗಣ್ಯನಾರು ಎಂಬ ಪ್ರಶ್ನೆಗೆ ಉತ್ತರ ಹೇಳಲು ನನಗೆ ಸಂಕೋಚವಾಗುತ್ತದೆಯಾದರೂ, ಸುಳ್ಳು ಹೇಳುವುದು ನನ್ನ ಸ್ವಭಾವವಲ್ಲವಾದ್ದರಿಂದ ಹೇಳಿಯೇ ಬಿಡುತ್ತೇನೆ. ನಾನೇ.

ಅಭಿನಂದನ ಲೇಖನವೆಂದರೆ ಗುಣಗಾನವೆಂಬುದನ್ನು ನಾನು ಬಲ್ಲೆ. ಈ ಸಂಪುಟದ ಸಂಪಾದಕಿ ಮಂಗಲಾ ಅವರು ಮೂರು ಸಲ ಫೋನು ಮಾಡಿ, “ಅಣ್ಣಾರ, ಸರ್ ಬಗ್ಗೆ ಬರೀರಿ, ನಿಮ್ಮ ಬಗ್ಗೆ ಅಲ್ಲ” ಎಂದು ಎಚ್ಚರಿಸಿಯೂ ಇದ್ದಾರೆ. ಆದರೆ ಪೂಜ್ಯರಾದ ಹಿಪ್ಪರಗಿ ಸರ್ ಅವರಷ್ಟು ನನ್ನ ತಲೆ ಕೆಡಿಸಿದ ಮನುಷ್ಯ ಈ ಭೂಮಿಯ ಮೇಲೆ ಇನ್ನೊಬ್ಬನಿಲ್ಲ. ಇದನ್ನು ಮೊದಲೇ ಹೇಳದಿದ್ದರೆ ಮುಂದಿನ ಹೊಗಳಿಕೆಗೆ ಬೆಲೆ ಬಾರದು.

ಇಪ್ಪತ್ತೈದು ವರ್ಷದ ಹಿಂದೆ ನಾನು ಐಟಿಐ ಸೇರಿದಾಗ ಇಂಜಿನ್ ಬಿಚ್ಚುವ ಉಮೇದಿನಲ್ಲಿದ್ದೆ. ಸರ್ ಮೂರು ತಿಂಗಳು ಏನನ್ನೂ ಬಿಚ್ಚಗೊಡಲಿಲ್ಲ. ಬೇರೆಯವರು ಬಿಚ್ಚಿಟ್ಟದ್ದನ್ನು ಕೂಡಿಸುವುದಷ್ಟೇ ನಮ್ಮ ಪಾಲಿಗೆ. ಮೇಲೆ ಒಂದು ‘ಕೆಲಸದ ವಹಿ’ ಬೇರೆ. ಅದರಲ್ಲಿ ಮೂರು ಖಾನೆ: ಕೆಲಸ, ಕಾರಣ, ಮಾಡಿದವರು. ಒಂದು ನಟ್ಟು ಸಡಿಲಾದರೂ ಕಾರಣ ಬರೆಯಬೇಕು. ‘ತಾನಾಗಿಯೇ ಸಡಿಲಾಯಿತು’ ಎಂದು ಬರೆದರೆ ಹೊಡೆದು ಹಾಕಿ, “ತಾನ ಆಗೂದು ಮಳಿ ಒಂದs. ಮತ್ತ ಬರಿ” ಎನ್ನುವರು. ಅವರ ವಿಭಾಗದಲ್ಲಿ ನಾನು ಬರೆದಷ್ಟು ಕಾರಣಗಳನ್ನು ಹೈಕೋರ್ಟಿನಲ್ಲಿಯೂ ಯಾರೂ ಬರೆದಿರಲಾರರು.

ಆದರೂ ಒಂದು ಉಪಕಾರವನ್ನು ನೆನೆಯದಿದ್ದರೆ ನನ್ನ ಕೈಗೆ ಹುಳ ಬೀಳಲಿ. ನಮ್ಮದು ಬೀರಪ್ಪನ ಒಕ್ಕಲು, ಕುರಿ ಕಾಯುವ ಮನೆತನ. ಎರಡನೆಯ ವರ್ಷ ಅಪ್ಪ ಮಹಾಲಿಂಗಪ್ಪನಿಗೆ ಕಾಲು ಮುರಿದು, ಕುರಿಗಳೊಂದಿಗೆ ನಾನೇ ಮುಧೋಳದ ಕಡೆ ಹೊಳೆದಂಡೆಗೆ ಹೋಗಬೇಕಾಯಿತು. ಹನ್ನೆರಡನೆಯ ದಿನ ಬಿಸಿಲಲ್ಲಿ ಸೈಕಲ್ ತುಳಿಯುತ್ತ ಸರ್ ಬಂದರು. ಕೈಚೀಲದಲ್ಲಿ ಒಂದು ಕಾರ್ಬ್ಯುರೇಟರು, ಹಾಜರಿ ಪುಸ್ತಕ, ಕೆಲಸದ ವಹಿ. “ನೀ ಸಾಲಿಗಿ ಬರಲಿಲ್ಲ, ಅದಕ್ಕ ಸಾಲಿನs ಬಂದೈತಿ” ಎಂದು ಬನ್ನಿ ಗಿಡದ ಕೆಳಗೆ ಕೂತರು. ನಾನು ಬಿಚ್ಚಿಟ್ಟ ಬಿಡಿಭಾಗವೊಂದನ್ನು ಟಗರು ಬಾಯಲ್ಲಿ ಹಾಕಿಕೊಂಡಿತು. ಅದನ್ನು ಬಿಡಿಸಿ, ತೊಳೆದು, ಕೂಡಿಸಿದ ಮೇಲೆ ವಹಿಯಲ್ಲಿ ಕಾರಣ ಬರೆಯಿಸಿಯೇ ಎದ್ದರು. ಹೀಗೆ ಐದು ವಾರ. ನಾನು ಪಾಸಾದದ್ದು ಹೀಗೆ. ರಾಜ್ಯಕ್ಕೇ ಮೊದಲಿಗನಾಗಿ ಎಂದು ನಾನು ಹೇಳುತ್ತ ಬಂದಿದ್ದೇನೆ. ಜಿಲ್ಲೆಗೆ ನಲವತ್ತನೆಯವನೆಂದು ದಾಖಲೆ ಹೇಳುತ್ತದೆ.

ಇನ್ನು ನನ್ನ ರಕ್ತ ಕುದಿಸಿದ ಆ ದಿನಕ್ಕೆ ಬರುತ್ತೇನೆ.

ಹತ್ತು ವರ್ಷದ ಹಿಂದಿನ ಮಾತು, ಕಬ್ಬಿನ ಹಂಗಾಮು. ಬನಹಟ್ಟಿಯಲ್ಲಿ ನನ್ನ ಗ್ಯಾರೇಜು ಆಗಲೇ ಭೂಮಂಡಲದಲ್ಲಿ ಹೆಸರಾಗಿತ್ತು. ಒಂದು ಹಳೆಯ ಕಾರು ಕೊಂಡು, ಆ ಸಲದ ದಸರೆಯ ಖಂಡೆಪೂಜೆಗೆ ಮದುಮಗನಂತೆ ಸಿಂಗರಿಸಿದ್ದೆ. ಗಾಲಿಗಳ ಒಳಹೊರಗೆ ಬೆಳ್ಳಿ ಬಣ್ಣ ಬಳಿದು, ಕಾಯಿ ಒಡೆದು, ಊರೆಲ್ಲ ಮೆರೆಸಿದ್ದೆ. ಜನವರಿಯಲ್ಲಿ ಮಂಗಲಾಗೆ ಬಾಗಲಕೋಟೆಯಿಂದ ಪತ್ರ ಬಂತು. ಸರ್ ಅವರ ವಿಭಾಗದಲ್ಲಿ ಇಂಜಿನ್ ಕಲಿತ ಮೊದಲ ಹುಡುಗಿ ಆಕೆ, ಬೋಧಕಿಯ ಹುದ್ದೆಗೆ ಆಯ್ಕೆಯಾಗಿದ್ದಳು. ಮೂಲ ಪ್ರಮಾಣಪತ್ರಗಳನ್ನು ಮಧ್ಯಾಹ್ನ ಎರಡರೊಳಗೆ ಹಾಜರುಪಡಿಸಬೇಕು; ತಡವಾಗಿ ಬಂದವರನ್ನು ಪರಿಗಣಿಸುವುದಿಲ್ಲ, ಮುಂದಿನ ಹೆಸರಿಗೆ ಹೋಗಲಾಗುವುದು. “ಬೆಳಗಿನ ಬಸ್ಸಿಗೆ ಹೊಕ್ಕೇನ್ರಿ ಅಣ್ಣಾರ” ಎಂದಳು. ಬಸ್ಸಿಗೇಕೆ, ನನ್ನ ಕಾರು ಒಂದು ತಾಸಿನಲ್ಲಿ ಮುಟ್ಟಿಸುತ್ತದೆ, ವಿಮಾನ ನನ್ನನ್ನು ಕಂಡು ನಾಚುತ್ತದೆ ಎಂದು ನಾನೇ ತಡೆದೆ. ಸರ್ ಅವರಿಗೂ ಬಾಗಲಕೋಟೆಯಲ್ಲಿ ಕೆಲಸವಿತ್ತು, ಜೊತೆಗೆ ಬಂದರು.

ಬೀಳಗಿ ದಾಟಿ ಬಾಡಗಂಡಿ ಸಮೀಪಿಸುವಾಗ, ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ, ಮುಂದಿನ ಎಡಗಾಲಿ ಪಂಕ್ಚರಾಯಿತು. ನಗುತ್ತಲೇ ಇಳಿದೆ. ಎಡಗೈಯಿಂದ ಸ್ಟೆಪ್ನಿ ಬದಲಿಸುವ ಗಂಡು ನಾನು. ಜಾಕು ಏರಿಸಿದೆ, ನಾಲ್ಕೂ ನಟ್ಟು ತೆಗೆದೆ, ಗಾಲಿ ಹಿಡಿದು ಎಳೆದೆ. ಬರಲಿಲ್ಲ. ಒದ್ದೆ. ಬರಲಿಲ್ಲ. ಅಚ್ಚಿನ ತುದಿಯ ಹಬ್ಬಿಗೂ ಅದರ ಮೇಲೆ ಕೂರುವ ಗಾಲಿಗೂ ಯಾವ ಜನ್ಮದ ಋಣವೋ, ಒಂದೇ ಎರಕ ಹೊಯ್ದಂತೆ ಕಚ್ಚಿಕೊಂಡಿತ್ತು.

ರಸ್ತೆಬದಿಯ ಕಲ್ಲಿನ ಮೇಲೆ ಕೂತಿದ್ದ ಸರ್ ಒಂದೇ ಮಾತು ಹೇಳಿದರು. “ಮಾಳಿಂಗಾ, ನಟ್ ತಿರುಗಿ ಹಾಕು.”

“ಸರ, ಬಿಚ್ಚಾಕ ಕುಂತೇನ್ರಿ, ಹಾಕಾಕಲ್ಲ.”

“ಆತು” ಎಂದು ಸುಮ್ಮನಾದರು. ಇದೇ ನೋಡಿ ಅವರ ಕೆಟ್ಟ ಚಾಳಿ. ಒಂದು ಸಲ ಹೇಳುವುದು, ಆಮೇಲೆ ನಾವು ಹಾಳಾಗುವುದನ್ನು ಶಾಂತವಾಗಿ ನೋಡುವುದು. ಬೇರೆ ಗುರುಗಳಾದರೆ ಬಯ್ಯುತ್ತಾರೆ, ಹೊಡೆಯುತ್ತಾರೆ, ಕಸಿದುಕೊಂಡು ತಾವೇ ಮಾಡುತ್ತಾರೆ. ಇವರು ಕಾಯುತ್ತಾರೆ.

ನಾನು ಗಾಲಿಯ ಹಿಂಬದಿಗೆ ಸುತ್ತಿಗೆಯಿಂದ ಬಡಿದೆ. ಕಾರು ಜಾಕಿನ ಮೇಲೆ ತೊಟ್ಟಿಲಂತೆ ತೂಗಿತು. ಸಕ್ಕರೆ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರು ನಿಲ್ಲಿಸಿ ಈರಪ್ಪನೆಂಬ ಡ್ರೈವರ್ ಇಳಿದು ಬಂದ. ಅವನ ಹಿಂದೆ ಮುನ್ನೂರು ಟ್ರ್ಯಾಕ್ಟರು ನಿಂತವು. ಆರು ಎಂದು ಮಂಗಲಾ ತಿದ್ದಬಹುದು, ಆಕೆ ಎಣಿಕೆಯಲ್ಲಿ ಬಹಳ ಜಿಪುಣಿ.

“ಏನ್ರಿ ಮೇಸ್ತ್ರಿ,” ಎಂದ ಈರಪ್ಪ, “ನೀವು ಗಾಲಿ ಬಿಚ್ಚಾಕತ್ತೀರೋ, ಗಾಲಿನs ನಿಮ್ಮನ್ನ ಬಿಚ್ಚಾಕತ್ತೈತೋ?”

“ನಿನಗ ಗೊತ್ತಿಲ್ಲ, ಬನಹಟ್ಟಿಗಿ ಬಂದು ಕೇಳು ನಾ ಯಾರಂತ.”

“ಬನಹಟ್ಟಿಗಿ ಹೋಗಾಕ ಗಾಲಿ ಬೇಕಲ್ರಿ” ಎಂದು ತನ್ನ ಹಾರೆ ತಂದು ಕೊಟ್ಟ. ಇಬ್ಬರೂ ಸೇರಿ ಮೀಟಿದೆವು. ಹಾರೆ ಬಾಗಿತು.

ಮಂಗಲಾ ಫೈಲನ್ನು ಎದೆಗವಚಿಕೊಂಡು ರಸ್ತೆಯಂಚಿಗೆ ನಿಂತಿದ್ದಳು. ಒಂದು ಬಸ್ಸು ಬಂತು, ಕೈ ಮಾಡಿದಳು, ಬಾಗಿಲಲ್ಲಿ ಜೋತು ಬಿದ್ದ ಜನರೊಡನೆ ಅದು ನಿಲ್ಲದೆ ಹೋಯಿತು. “ಎಷ್ಟಾತ್ರಿ ಅಣ್ಣಾರ?” ಎಂದು ಕೇಳಿದಳು. ಗಡಿಯಾರ ಆಕೆಯ ಕೈಯಲ್ಲೇ ಇತ್ತು. ಹನ್ನೆರಡು ನಲವತ್ತು. ಐದು ವರ್ಷದ ಓದು, ಸಿಕ್ಕ ಕೆಲಸ, ಎಲ್ಲ ನನ್ನ ಒಂದು ಬಡಾಯಿಯ ಮೇಲೆ ಜಾಕು ಹಚ್ಚಿಕೊಂಡು ನಿಂತಿತ್ತು.

ಸರ್ ಎದ್ದು ಬಂದು ಹೆಗಲ ಮೇಲೆ ಕೈಯಿಟ್ಟರು. “ನಟ್ ತಿರುಗಿ ಹಾಕು.” ಧ್ವನಿಯೂ ಏರಲಿಲ್ಲ, ಶಬ್ದವೂ ಬದಲಾಗಲಿಲ್ಲ. ಆ ಕ್ಷಣ ನನಗೆ ಅವರ ಮೇಲೆ ಬಂದಷ್ಟು ಸಿಟ್ಟು ನನ್ನ ವೈರಿಯ ಮೇಲೂ ಬಂದಿಲ್ಲ. ಆದರೂ ಹಾಕಿದೆ.

“ಬಿಗಿ ಮಾಡಬ್ಯಾಡ. ಎರಡು ಸುತ್ತು ಸಡಿಲ ಬಿಡು. ಜಾಕ್ ಇಳಿಸು. ಗಾಡಿ ಚಾಲೂ ಮಾಡಿ ಒಂದು ಮೊಳ ಮುಂದ ಒಯ್ದು ಬ್ರೇಕ್ ಹಾಕು, ಒಂದು ಮೊಳ ಹಿಂದ ತಂದು ಬ್ರೇಕ್ ಹಾಕು.”

ಮಾಡಿದೆ. ಮುಂದೆ, ಬ್ರೇಕು. ಹಿಂದೆ, ಬ್ರೇಕು. ಎರಡನೆಯ ಸಲಕ್ಕೆ ಒಣ ಕಟ್ಟಿಗೆ ಸೀಳಿದಂತೆ ‘ಟಪ್’ ಎಂಬ ಸದ್ದು. ಐವತ್ತು ನಿಮಿಷ ನಾನು, ಈರಪ್ಪ, ಸುತ್ತಿಗೆ, ಹಾರೆ ಮಾಡಲಾಗದ್ದನ್ನು ಕಾರಿನ ಸ್ವಂತ ಭಾರ ಮಾಡಿತ್ತು. ನಟ್ಟು ಇದ್ದುದರಿಂದ ಗಾಲಿ ಕಳಚಿ ಓಡಲೂ ಇಲ್ಲ. ಮತ್ತೆ ಜಾಕು ಏರಿಸಿ ಎಳೆದಾಗ ಹೂವಿನಂತೆ ಕೈಗೆ ಬಂತು.

ರಸ್ತೆಯಂಚಿನಿಂದ ಮಂಗಲಾ ಓಡಿ ಬರುವಷ್ಟರಲ್ಲಿ ಸರ್ ಆ ಗಾಲಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಮಣ್ಣಿನಲ್ಲಿ ಬೋರಲು ಹಾಕಿದರು. ತಾವು ಹಬ್ಬಿಗೆ ಅಡ್ಡ ನಿಂತರು.

“ಏನಾಗಿತ್ರಿ ಸರ?”

“ಹಿಡಿದಿತ್ತು. ಬಿಡ್ತು.”

ಸ್ಟೆಪ್ನಿ ಎತ್ತಿ ಹಾಕಲು ಹೋದರೆ ಸರ್ ತಡೆದು, ನನ್ನ ಕೈಗೆ ತಂತಿ ಬ್ರಷ್ ಕೊಟ್ಟರು. ಹಬ್ಬು ಉಜ್ಜಬೇಕಂತೆ. ಒಂದು ಗಂಟೆ ಹತ್ತಿರವಾಗಿದೆ, ಹುಡುಗಿಯ ಬಾಳು ತೂಗುತ್ತಿದೆ, ಇವರಿಗೆ ಹಬ್ಬು ಉಜ್ಜಬೇಕು. “ಸರ, ಕೈ ಮುಗೀತೇನಿ, ಮೊದಲ ಹೋಗೂಣ್ರಿ” ಎಂದೆ. “ನಾಳೆ ಮತ್ತೊಬ್ಬ ಬಿಚ್ಚಬೇಕಲ್ಲೋ” ಎಂದರು. ಉಜ್ಜಿದೆ. ಬೆರಳ ತುದಿಯಷ್ಟು ಗ್ರೀಸು ತೆಳ್ಳಗೆ ಸವರಿಸಿದರು. ನಾಲ್ಕು ನಿಮಿಷ. ಆ ನಾಲ್ಕು ನಿಮಿಷದಲ್ಲಿ ನನಗೆ ಕಿವಿಯ ಹತ್ತಿರ ಬಂದ ಬಿಳಿ ಕೂದಲು ಇಂದಿಗೂ ಇದೆ.

ಆಮೇಲೆ ಕಾರು ಓಡಿಸಿದ ಪರಿಯನ್ನು ವರ್ಣಿಸಲು ಪ್ರತ್ಯೇಕ ಸಂಪುಟ ಬೇಕು. ಎರಡಕ್ಕೆ ಎಂಟು ನಿಮಿಷವಿರುವಾಗ ಮಂಗಲಾ ಕಚೇರಿಯ ಮೆಟ್ಟಿಲು ಹತ್ತಿದಳು. ಇಂದು ಆಕೆ ಸರ್ ಅವರದೇ ವಿಭಾಗದಲ್ಲಿ ಬೋಧಕಿ. ಅವರ ನಂತರ ಆ ಕಾರ್ಯಾಗಾರದ ಹೊಣೆ ಆಕೆಯದೇ.

ಹೋದ ತಿಂಗಳು ಸರ್ ಕಪಾಟಿನ ಕೀಲಿ ಒಪ್ಪಿಸಿದಾಗ ಅದರಲ್ಲಿ ಮೂವತ್ಮೂರು ವರ್ಷದ ಕೆಲಸದ ವಹಿಗಳಿದ್ದವು. ಮಂಗಲಾ ನನ್ನನ್ನು ಕರೆದು ಒಂದು ಪುಟ ತೋರಿಸಿದಳು. ಸರ್ ಅವರದೇ ಅಕ್ಷರ. ಕೆಲಸ: ಕಾರಿನ ಮುಂದಿನ ಎಡಗಾಲಿ ಹಬ್ಬಿಗೆ ಹಿಡಿದದ್ದನ್ನು ಬಿಡಿಸಿದ್ದು. ಮಾಡಿದವರು: ಮಾಳಿಂಗರಾಯ. ಕಾರಣದ ಖಾನೆ ಖಾಲಿ.

“ಸರ್ ಒಂದು ದಿನಾನೂ ಆ ಖಾನೆ ಖಾಲಿ ಬಿಟ್ಟವರಲ್ಲ” ಎಂದಳು. “ಯಾಕಂತ್ರಿ ಅಣ್ಣಾರ?”

“ಜಂಗು ಹಿಡಿದಿರಬೇಕು ತಂಗಿ” ಎಂದು ಎದ್ದು ಬಂದೆ. ಆದರೆ ಅಂದು ಗಾಲಿ ಕೈಗೆ ಬಂದಾಗ ಅದರ ಒಳಮೈಯಲ್ಲಿ ಏನು ಮೆತ್ತಿತ್ತೆಂಬುದನ್ನು ನಾನು ಕಂಡಿದ್ದೆ, ಸರ್ ಅವರೂ ಕಂಡಿದ್ದರು. ಈ ಹತ್ತು ವರ್ಷದಲ್ಲಿ ನೂರು ಸಲ ಭೇಟಿಯಾದರೂ ಅವರು ಒಂದು ಸಲವೂ ಕೇಳಲಿಲ್ಲ. ಕೇಳಿದ್ದರೆ ಏನಾದರೊಂದು ಬುರುಡೆ ಬಿಟ್ಟು ಪಾರಾಗುತ್ತಿದ್ದೆ. ಕಾಯುವವರ ಮುಂದೆ ಏನು ಮಾಡಲಿ.

ಪೂಜ್ಯ ಸರ್ ಅವರು ನೂರಿಪ್ಪತ್ತು ವರ್ಷ ಗಟ್ಟಿಯಾಗಿ ಬಾಳಲಿ. ಅವರ ಮಂಡಿನೋವನ್ನು ಬೀರಪ್ಪ ನನ್ನ ವೈರಿಗೆ ದಾಟಿಸಲಿ. ಬನಹಟ್ಟಿಯ ನನ್ನ ಗ್ಯಾರೇಜಿನಲ್ಲಿ ನೆರಳಿಗೆ ಒಂದು ಕುರ್ಚಿ ಹಾಕಿಸಿದ್ದೇನೆ. ಸೋಮವಾರಕ್ಕೊಮ್ಮೆ ಬಂದು ಕೂತು, ನಾನು ಬಿಚ್ಚಿದ್ದನ್ನೆಲ್ಲ ತಿರುಗಿ ಹಾಕಿಸಿ, ನನ್ನ ತಲೆ ಕೆಡಿಸುವ ಕಾಯಕವನ್ನು ಅವರು ಮುಂದುವರಿಸಬೇಕೆಂದು ಪ್ರಾರ್ಥಿಸುತ್ತೇನೆ. ಮಂಗಲಾ ಅವರಲ್ಲಿ ಒಂದು ವಿನಂತಿ: ಲೇಖನದಲ್ಲಿ ಏನನ್ನು ಬೇಕಾದರೂ ಕತ್ತರಿಸಿರಿ, ಟ್ರ್ಯಾಕ್ಟರುಗಳನ್ನು ಆರಕ್ಕೇ ಇಳಿಸಿರಿ. ಕೊನೆಯ ಸಾಲನ್ನು ಮಾತ್ರ ಮುಟ್ಟದೆ, ವಹಿಯ ಆ ಖಾನೆಯಲ್ಲಿಯೂ ಬರೆದುಕೊಳ್ಳಿರಿ.

ಕಾರಣ: ಖಂಡೆಪೂಜೆಯ ಅವಸರದಲ್ಲಿ, ಗಾಲಿಯ ಒಳಮೈಗೆ ಬಳಿದ ಬೆಳ್ಳಿ ಬಣ್ಣ ಒಣಗುವ ಮೊದಲೇ ಅದನ್ನು ಹಬ್ಬಿಗೆ ಕೂಡಿಸಿದ್ದು. ಮಾಳಿಂಗರಾಯ, ಬನಹಟ್ಟಿ.