ಮಂಚದ ತುದಿಯಲ್ಲಿ ಯಾರಿಗೆ ಜಾಗ?

ಬೆಳಿಗ್ಗೆ ಆರೂಕಾಲು. ಮೂಡುಬಿದಿರೆಯಿಂದ ಬಂಟ್ವಾಳಕ್ಕೆ ಹೋಗುವ ದಾರಿಯಲ್ಲಿರುವ ಒಂದು ಆಸ್ಪತ್ರೆ. ಹೊರಗೆ ಬೆಳಕು ಹರಿದಿದೆ, ಗರ್ಭಿಣಿ-ಬಾಣಂತಿಯರ ಐಸಿಯುವಿನೊಳಗೆ ಮಾತ್ರ ಇನ್ನೂ ಮಬ್ಬು. ಬಿಪಿ ಏರಿದವರಿಗೆ ಬೆಳಕು, ಸದ್ದು ಎರಡೂ ಆಗದು, ಫಿಟ್ಸ್ ಬರಬಹುದು. ಅದಕ್ಕೇ ಕಿಟಕಿಗಳಿಗೆ ದಪ್ಪ ಪರದೆ, ಮಾತೆಲ್ಲ ಪಿಸುದನಿಯಲ್ಲಿ. ನಾಲ್ಕು ಮಂಚ. ಒಬ್ಬ ಹೆಂಗಸು ಸದ್ದೇ ಆಗದ ಹಾಗೆ ಮಂಚದಿಂದ ಮಂಚಕ್ಕೆ ಹೋಗಿ, ಕಿವಿಯ ಹತ್ತಿರ ಬಗ್ಗಿ ಏನೋ ಕೇಳುತ್ತಾರೆ.

"ಇಲ್ಲಿ ಯಾರಾದರೂ ನಿಂತಿದ್ದಾರಾ ಮಗಾ?"

ಅವರು ಕೇಳುವುದು ಇಷ್ಟೇ. ಸತ್ಯ ಹೇಳುತ್ತೇನೆ, ಮೊದಲ ಸಲ ಕೇಳಿದಾಗ ನನ್ನ ಮೈ ಜುಂ ಅಂದಿತು. ಅಲ್ಲಿ ನಿಂತಿದ್ದವಳು ಲೇಖನ ಬರೆಯಲು ಬಂದ ನಾನೊಬ್ಬಳೇ, ಅದೂ ಅರ್ಧ ತೆರೆದ ಗಾಜಿನ ಬಾಗಿಲಾಚೆ.

ಇವರು ಸೇಸಮ್ಮ. ವಯಸ್ಸು ಐವತ್ತೆರಡು, ಊರು ಕೊಕ್ಕಡ, ಹನ್ನೊಂದು ವರ್ಷದಿಂದ ಇಲ್ಲಿ ಆಯಾ. ಡಾಕ್ಟರಿಂದ ಹಿಡಿದು ಕ್ಯಾಂಟೀನಿನವರವರೆಗೆ ಎಲ್ಲರಿಗೂ ಸೇಸಕ್ಕ. ಆರರಿಂದ ಎರಡರವರೆಗೆ ಡ್ಯೂಟಿ. ಗಂಟೆಗೊಮ್ಮೆ ನಾಲ್ಕೂ ಮಂಚದ ಮೂತ್ರದ ಚೀಲ ಅಳೆದು ನರ್ಸ್‌ಗೆ ಹೇಳಬೇಕು, ಮೈ ಒರೆಸಬೇಕು, ಮಗ್ಗುಲು ಬದಲಿಸಬೇಕು. ಆ ಪ್ರಶ್ನೆ ಕೇಳು ಅಂತ ಅವರಿಗೆ ಯಾರೂ ಹೇಳಿಲ್ಲ.

"ಫಾರ್ಮಿನಲ್ಲಿ 'ಕಣ್ಣು ಮಂಜಾಗ್ತದಾ' ಅಂತ ಉಂಟು. ಎಲ್ಲರೂ ಇಲ್ಲ ಅಂತಾರೆ. ಸುಳ್ಳಲ್ಲ ಮಾರಾಯ್ರೆ, ಮಂಜಾಗುವುದೇ ಇಲ್ಲ. ಸರೀ ಕಾಣ್ತದೆ. ಎದುರು ನಿಂತವರ ಸೀರೆಯ ಅಂಚು ಸಮೇತ ಕಾಣ್ತದೆ" ಎನ್ನುತ್ತಾರೆ ಸೇಸಕ್ಕ.

ಹಾಗೆ ಇಲ್ಲದವರನ್ನು ಕಂಡ ಹೆಂಗಸರು ಹನ್ನೊಂದು ವರ್ಷದಲ್ಲಿ ಹದಿನೇಳು ಮಂದಿ. ಇಬ್ಬರು ಉಳಿಯಲಿಲ್ಲ. ಡಾಕ್ಟರ್ ಶ್ರೀಪ್ರಿಯಾ ವಿವರಿಸುತ್ತಾರೆ: ಬಿಪಿ ವಿಪರೀತ ಏರಿ ಮಿದುಳಿನ ಹಿಂಭಾಗ ಊದಿಕೊಂಡರೆ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಅದು ಫಿಟ್ಸ್‌ಗೆ ಮುನ್ಸೂಚನೆ. "ಯಂತ್ರ ಹೇಳುವ ಮೊದಲೇ ಸೇಸಕ್ಕ ಹೇಳಿದ್ದುಂಟು. ನಾನು ಓಡಿ ಬರುತ್ತೇನೆ" ಎನ್ನುತ್ತಾರೆ ಅವರು.

ಸೇಸಕ್ಕನಿಗೆ ಇದನ್ನು ಕಲಿಸಿದ್ದು ಆಸ್ಪತ್ರೆಯಲ್ಲ. ಅವರಿಗೆ ಹನ್ನೆರಡು ವರ್ಷವಾಗಿದ್ದಾಗ ಅಕ್ಕ ಎಂಟು ತಿಂಗಳ ಬಸುರಿ, ಕಾಲೆಲ್ಲ ಬಾತಿತ್ತು. ಒಂದು ಮಧ್ಯಾಹ್ನ ಅಕ್ಕ ಅಡುಗೆ ಕೋಣೆಯ ಮೂಲೆ ತೋರಿಸಿ, "ಅದು ಯಾರು, ಕೊಡಪಾನ ಹಿಡಿದು ನಿಂತದ್ದು?" ಅಂದಳು. ಅಮ್ಮ ಗಬಕ್ಕನೆ ಅವಳ ಬಾಯಿ ಮುಚ್ಚಿದರು. ಕಂಡದ್ದನ್ನು ಬಸುರಿ ಬಾಯಿಬಿಟ್ಟು ಹೇಳಿದರೆ ಅದು ಅವಳ ಬೆನ್ನು ಹತ್ತುತ್ತದೆ ಎಂಬ ನಂಬಿಕೆ. ಅಪ್ಪ ನೂಲು ಮಂತ್ರಿಸಿಕೊಂಡು ಬರುವಷ್ಟರಲ್ಲಿ ಅಕ್ಕನಿಗೆ ಫಿಟ್ಸ್. ಜೀಪು ಬೆಳ್ತಂಗಡಿ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಇದನ್ನು ಹೇಳುವಾಗ ಸೇಸಕ್ಕ ಅಳುವುದಿಲ್ಲ.

ಏಳು ಗಂಟೆ. ಮೂರನೇ ಮಂಚದಲ್ಲಿ ನರಿಕೊಂಬಿನ ಮೋಕ್ಷಿತಾ, ಚೊಚ್ಚಲ ಬಸುರಿ, ಎಂಟು ತಿಂಗಳು. ಸೇಸಕ್ಕ ಕೇಳಿದ್ದಕ್ಕೆ "ಯಾರೂ ಇಲ್ಲ" ಎಂದು ಆಗಲೇ ಹೇಳಿದ್ದಾಳೆ. ಫಾರ್ಮಿನಲ್ಲೂ ಎಲ್ಲದಕ್ಕೂ 'ಇಲ್ಲ'. ಆದರೆ ಸೇಸಕ್ಕ ಚೀಲ ಅಳೆಯಲು ಬಗ್ಗಿದವರು ಹಾಗೇ ನಿಂತುಬಿಡುತ್ತಾರೆ. ಹುಡುಗಿ ಎರಡೂ ಕಾಲು ಮಡಚಿ ಒತ್ತಟ್ಟಿಗೆ ಎಳೆದುಕೊಂಡಿದ್ದಾಳೆ. ಮಂಚದ ತುದಿಯಲ್ಲಿ ಒಬ್ಬರು ಕೂರುವಷ್ಟು ಜಾಗ ಖಾಲಿ.

"ಯಾರಿಗೆ ಜಾಗ ಬಿಟ್ಟದ್ದು ಮಗಾ?"

ಹುಡುಗಿಯ ಕಣ್ಣು ಆ ಖಾಲಿ ಜಾಗದ ಮೇಲೆ.

"ಹೇಳಬಾರದು ಅಂತ ಅತ್ತೆ ಹೇಳಿದ್ದಾರಾ?"

ಹೌದೆಂಬಂತೆ ತಲೆ ಸಣ್ಣಗೆ ಅಲ್ಲಾಡುತ್ತದೆ.

ಸೇಸಕ್ಕ ಮೊಣಕಾಲೂರಿ ಕುಳಿತು ತಮ್ಮ ಕಿವಿಯನ್ನು ಅವಳ ಬಾಯಿಗೇ ಹಿಡಿಯುತ್ತಾರೆ. "ನನ್ನ ಕಿವಿಗೆ ಹೇಳು. ದೋಷ ನನಗಿರಲಿ. ಬೆನ್ನು ಹತ್ತುವುದಾದರೆ ನನ್ನ ಬೆನ್ನು ಹತ್ತಲಿ."

ಮೋಕ್ಷಿತಾ ತುಳುವಿನಲ್ಲಿ ಏನೋ ಪಿಸುಗುಟ್ಟುತ್ತಾಳೆ. ಸೇಸಕ್ಕ ಎದ್ದು ಕೈ ಎತ್ತುತ್ತಾರೆ, ಅಷ್ಟೇ. ನರ್ಸ್ ಫಿದಾ ಬಿಪಿ ನೋಡಿದರೆ ನೂರ ಎಂಬತ್ತೆರಡು. ಡಾಕ್ಟರಿಗೆ ಫೋನು, ಇಂಜೆಕ್ಷನ್, ಆಮೇಲೆ ಗಾಲಿಮಂಚ ಆಪರೇಷನ್ ಥಿಯೇಟರಿನ ಕಡೆ ಓಡುತ್ತದೆ. ಹೊರಗೆ ಕಾದಿದ್ದ ಮೋಕ್ಷಿತಾಳ ಅತ್ತೆ ಅದರ ಹಿಂದೆಯೇ ಹೋಗುತ್ತಾರೆ. ಖಾಲಿ ಮಂಚದ ಹಾಸಿಗೆಬಟ್ಟೆ ಎಳೆಯುವಾಗ ಸೇಸಕ್ಕ ತುದಿಯ ಆ ಜಾಗವನ್ನು ಎರಡು ಸಲ ಒರೆಸುತ್ತಾರೆ. ಯಾಕೆಂದು ಕೇಳಲು ನನಗೆ ಧೈರ್ಯವಾಗಲಿಲ್ಲ.

ನಾಲ್ಕನೇ ದಿನ ನಾನು ಮತ್ತೆ ಹೋದಾಗ ಮೋಕ್ಷಿತಾ ಎದ್ದು ಕುಳಿತು ಗಂಜಿ ಕುಡಿಯುತ್ತಿದ್ದಾಳೆ. ಫಿಟ್ಸ್ ಬರಲೇ ಇಲ್ಲ. ಒಂದೂವರೆ ಕಿಲೋದ ಹೆಣ್ಣುಮಗು ಶಿಶುಗಳ ಘಟಕದಲ್ಲಿದೆ, ಹಾಲು ಕುಡಿಯಲು ಶುರುಮಾಡಿದೆ. "ಯಾರಿದ್ದರು?" ಎಂದರೆ ಅವಳು ನಕ್ಕು, "ನನಗೆ ನೆನಪೇ ಇಲ್ಲ, ಸೇಸಕ್ಕನಿಗೆ ಗೊತ್ತು" ಎನ್ನುತ್ತಾಳೆ.

ಎರಡು ಗಂಟೆಗೆ ಸೇಸಕ್ಕ ಕೈಕಾಲು ತೊಳೆದು ಬಸ್ಸಿಗೆ ಹೊರಡುತ್ತಾರೆ. ಜೊತೆಗೆ ನಾನೂ. ನಿಮಗೇನಾದರೂ ಆಸೆ ಉಂಟಾ ಅಂತ ಕೇಳುತ್ತೇನೆ. "ಇನ್ನೂ ಆರು ವರ್ಷ ಕೆಲಸ ಉಂಟು. ಅಷ್ಟರೊಳಗೆ ಫಿದಾ ಈ ಪ್ರಶ್ನೆ ಕೇಳಲು ಕಲಿಯಲಿ. ನಗದೆ ಕೇಳಬೇಕು, ಅಷ್ಟೇ."

ಮೋಕ್ಷಿತಾ ಸೇರಿ ಹದಿನೆಂಟು ಮಂದಿ ನಿಮ್ಮ ಕಿವಿಗೆ ಹೇಳಿದ್ದಾರಲ್ಲ, ಅವೆಲ್ಲ ನಿಜವಾಗಿ ಇದ್ದವಾ ಸೇಸಕ್ಕ, ನಿಮಗೆ ಹೆದರಿಕೆ ಆಗುವುದಿಲ್ಲವಾ?

ಸೇಸಕ್ಕ ಹಿಂದೆ ತಿರುಗಿ ನೋಡುವುದಿಲ್ಲ.

"ಇಲ್ಲ ಅಂತ ಡಾಕ್ಟರ್ ಹೇಳ್ತಾರೆ. ಇದ್ದರೂ ಇರಲಿ, ನನ್ನ ಹಿಂದೆಯೇ ಬರಲಿ. ನನ್ನ ಹಿಂದೆ ಬಂದರೆ ಆ ಮಕ್ಕಳ ಹತ್ತಿರ ಇರುವುದಿಲ್ಲ ಅಲ್ವಾ?"